ಲೆಕ್ಕವಿಲ್ಲದ ರೊಟ್ಟಿಯ ಲೆಕ್ಕ

ಹಂಗಾಮು ಬಂತೆಂದರೆ ಬ್ಯಾಡಗಿ ಪೇಟೆಯಲ್ಲಿ ಸೋಮವಾರ, ಗುರುವಾರ ಕಾಲಿಡಲು ಜಾಗವಿರುವುದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಲಾರಿಗಳು ಮೆಣಸಿನಕಾಯಿ ಚೀಲ ಹೊತ್ತು ಬಂದು ನಿಂತಿರುತ್ತವೆ. ಡಬ್ಬಿ ತಳಿ ಎಷ್ಟಕ್ಕೆ ಹೋಯಿತು, ಕಡ್ಡಿ ತಳಿ ಎಷ್ಟಕ್ಕೆ ನಿಂತಿತು ಎಂಬುದನ್ನು ಬಿಟ್ಟರೆ ಬೇರೆ ಮಾತಿಲ್ಲ. ತೂಕ, ತೇವ, ಹಮಾಲಿ, ಟೆಂಡರ್ ದರ ಎಲ್ಲವೂ ಪೈಸೆ ಪೈಸೆಗೆ ಲೆಕ್ಕ. ಮಧ್ಯಾಹ್ನ ಮೆಣಸಿನಕಾಯಿ ತಂದ ರೈತ ಖಾನಾವಳಿ ಹೊಕ್ಕು ತಾಟಿನ ಮುಂದೆ ಕೂತರೆ ಲೆಕ್ಕವೆಲ್ಲ ಹೊರಗೇ ಉಳಿಯುತ್ತದೆ. "ಇನ್ನೊಂದ ರೊಟ್ಟಿ ಹಾಕ್ಲೇನ್ರೀ?" ಎಂದು ಕೇಳುವವನು ಉತ್ತರಕ್ಕೆ ಕಾಯುವುದೂ ಇಲ್ಲ, ಹಾಕಿಯೇ ಬಿಡುತ್ತಾನೆ.

ಹಾವೇರಿ, ರಾಣೆಬೆನ್ನೂರು, ಮೋಟೆಬೆನ್ನೂರಿನ ಹೆದ್ದಾರಿಗುಂಟ ಹೋದರೆ ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂಬ ಬೋರ್ಡುಗಳು ಕಾಣುತ್ತವೆ. ಇಲ್ಲಿ ಮೆನು ಕೇಳುವ ರೂಢಿ ಕಡಿಮೆ. ಇವತ್ತು ಎಣ್ಣೆಗಾಯಿ ಇದ್ದರೆ ಎಣ್ಣೆಗಾಯಿ, ಪುಂಡಿಪಲ್ಯ ಇದ್ದರೆ ಪುಂಡಿಪಲ್ಯ. ಬದಿಗೆ ಶೇಂಗಾ ಚಟ್ನಿ, ಕೆಂಪು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಫಿಲಿಪ್ಪೀನ್ಸಿನಲ್ಲೂ ಬೀದಿಗೊಂದರಂತೆ ಇಂಥ ಸಾದಾ ಊಟದ ಮನೆಗಳಿವೆ; ಕರಿಂಡೇರಿಯಾ ಎನ್ನುತ್ತಾರೆ. ಅಲ್ಲಿ ಬೇಯಿಸಿದ ಪಲ್ಯ, ಸಾರುಗಳ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಗಿರಾಕಿ ಬೆರಳು ತೋರಿಸಿ ಬೇಕಾದ್ದನ್ನು ಹಾಕಿಸಿಕೊಂಡು, ಹಾಕಿಸಿಕೊಂಡಷ್ಟಕ್ಕೇ ದುಡ್ಡು ಕೊಡುತ್ತಾನೆ. ನಮ್ಮಲ್ಲಿ ಆಯ್ಕೆ ಅಡುಗೆಮನೆಯದು, ಪ್ರಮಾಣ ಹೊಟ್ಟೆಯದು.

ಈಗೀಗ ಈ ರೂಢಿ ಬದಲಾಗುತ್ತಿದೆ. ಎಷ್ಟೋ ಖಾನಾವಳಿಗಳಲ್ಲಿ ಊಟಕ್ಕೆ ಎರಡೇ ರೊಟ್ಟಿ, ಮುಂದಿನದಕ್ಕೆ ಬೇರೆ ದುಡ್ಡು. "ರೊಟ್ಟಿಗೂ ಲೆಕ್ಕ ಹಚ್ಚಾಕ ಸುರು ಮಾಡ್ಯಾರ" ಎಂದು ಗಿರಾಕಿಗಳು ಗೊಣಗುತ್ತಾರೆ. ಗೊಣಗುವ ಮುನ್ನ ಒಮ್ಮೆ ಒಳಗಿನ ಒಲೆಯ ಕಡೆ ಇಣುಕಬೇಕು.

ರೊಟ್ಟಿ ಜೋಳದ್ದು; ಗೋಧಿ ಹಿಟ್ಟಿನ ಅಂಟು ಜೋಳಕ್ಕಿಲ್ಲ. ಕುದಿವ ನೀರು ಹೊಯ್ದು, ಕೈ ಸುಡುವಾಗಲೇ ನಾದಿದರೆ ಮಾತ್ರ ಹಿಟ್ಟು ಒಂದುಗೂಡುತ್ತದೆ. ಬೆಳಿಗ್ಗೆ ನಾದಿಟ್ಟು ಮಧ್ಯಾಹ್ನ ಬಡಿಯುತ್ತೇನೆಂದರೆ ಅಂಚು ಬಿರಿಯುತ್ತದೆ. ಹಿಟ್ಟು ಹಳತಾಗಿದ್ದರೆ ಜಿಗಿ ಹೋಗಿ ಕೈಗೇ ಬರುವುದಿಲ್ಲ. ಹೀಗಾಗಿ ತಾಟಿಗೆ ಬೀಳುವ ಪ್ರತಿ ಬಿಸಿ ರೊಟ್ಟಿಯೂ ಆ ಗಳಿಗೆಯಲ್ಲೇ ಬಡಿದದ್ದು. ಅಂಗೈಯಿಂದ ಬಡಿಯುತ್ತ ತಿರುಗಿಸಿ, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಮಗುಚಿ ಉಬ್ಬಿಸಬೇಕು. ಹೊರಗೆ ನಾವು ಹೊಟ್ಟೆ ತುಂಬ ಉಣ್ಣುವ ಹೊತ್ತಿಗೆ ಒಳಗೆ ಒಬ್ಬಾಕೆ ಹೊಗೆ, ಕಾವಿನ ನಡುವೆ ಎದ್ದೇಳದೆ ಕೂತಿರುತ್ತಾಳೆ. "ಅನ್‌ಲಿಮಿಟೆಡ್" ಎಂದು ಬೋರ್ಡಿನಲ್ಲಿ ಬರೆದದ್ದು ಮಾಲೀಕ. ಆ ಮಾತು ಉಳಿಸಿಕೊಡಬೇಕಾದವಳು ಅವಳು.

ಜೋಳವೂ ಈಗ ಅಗ್ಗದ ಕಾಳಲ್ಲ. ಹಾವೇರಿ ಜಿಲ್ಲೆಯ ಹೊಲಗಳನ್ನು ಗೋವಿನಜೋಳ ಆಕ್ರಮಿಸಿದೆ. ಸುತ್ತ ಬೆಳೆದದ್ದು ಕೋಳಿ ಆಹಾರಕ್ಕೆ, ಕಾರ್ಖಾನೆಗೆ ಹೋಗುತ್ತದೆ. ತಾಟಿಗೆ ಬೇಕಾದ ಬಿಳಿಜೋಳಕ್ಕೆ ವಿಜಯಪುರದ ಕಡೆ ಮುಖ ಮಾಡಬೇಕು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಬಂತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬ ಗುಣಕ್ಕೇ ಅದಕ್ಕೆ ಬೆಲೆ. ಆ ಬಣ್ಣ ತೆಗೆಯಲೆಂದೇ ಕಾರ್ಖಾನೆಗಳಿವೆ. ಅದೇ ಮೆಣಸಿನಕಾಯಿಯ ಚಟ್ನಿ ಹಚ್ಚಿಕೊಂಡು ತಿನ್ನುವ ರೊಟ್ಟಿಯನ್ನು ಬಡಿಯುವ ಕೈಗೆ ಟೆಂಡರೂ ಇಲ್ಲ, ದರಪಟ್ಟಿಯೂ ಇಲ್ಲ. ಯಂತ್ರದ ರೊಟ್ಟಿ ಬಂದಿದೆ, ನಿಜ. ಕೈರೊಟ್ಟಿಯೇ ಬೇಕೆಂದು ಹಟ ಹಿಡಿಯುವವರೂ ನಾವೇ, ದರ ಹತ್ತು ರೂಪಾಯಿ ಏರಿದರೆ ಹುಬ್ಬು ಗಂಟಿಕ್ಕುವವರೂ ನಾವೇ.

ಎಣಿಸದೆ ಬಡಿಸುವುದು ಈ ನೆಲದ ದೊಡ್ಡ ಗುಣ, ಅದು ಉಳಿಯಲಿ. ಆದರೆ ಅದರ ಖರ್ಚು ಬರೀ ಒಲೆಯ ಮುಂದೆ ಕೂತವಳ ತೋಳಿನಿಂದ ಹೋಗಬಾರದು. ಮೂರನೆಯ ರೊಟ್ಟಿಗೆ ದುಡ್ಡು ಕೇಳಿದರೆ ಕೊಡೋಣ. ಅದರಲ್ಲಿ ಅವಳ ಪಾಲೆಷ್ಟು ಎಂದು ಗಲ್ಲಾಪೆಟ್ಟಿಗೆಯ ಮುಂದೆ ಒಂದು ಮಾತು ಕೇಳಿಯೂ ಬರೋಣ.