ಪ್ರಣಾಳಿಕೆಯಲ್ಲಿ ಸಮಾನತೆ, ಟಿಕೆಟ್ ಪಟ್ಟಿಯಲ್ಲಿ?

ಚುನಾವಣೆ ಬಂತೆಂದರೆ ಪ್ರತಿಯೊಂದು ಪಕ್ಷದ ಪ್ರಣಾಳಿಕೆಯಲ್ಲೂ ಒಂದು ಮಾತು ತಪ್ಪದೆ ಇರುತ್ತದೆ: ಜಾತಿ, ಧರ್ಮ, ಲಿಂಗ ಭೇದವಿಲ್ಲದೆ ಎಲ್ಲರಿಗೂ ಸಮಾನ ಅವಕಾಶ. ಈ ಮಾತನ್ನು ಪರೀಕ್ಷೆ ಮಾಡಲು ಪ್ರಣಾಳಿಕೆಯನ್ನು ಪೂರ್ತಿ ಓದಬೇಕಾಗಿಲ್ಲ. ಆ ಪಕ್ಷ ಯಾರ ಯಾರ ಕೈಗೆ ಬಿ ಫಾರಂ ಕೊಟ್ಟಿತು ಎಂದು ನೋಡಿದರೆ ಸಾಕು.

ಸಂವಿಧಾನದ 15 ಮತ್ತು 16ನೇ ವಿಧಿಗಳು ತಾರತಮ್ಯ ಕೂಡದು, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಇರಬೇಕು ಎನ್ನುತ್ತವೆ. ಆದರೆ ಅವು ಮುಖ್ಯವಾಗಿ ಸರ್ಕಾರಕ್ಕೆ ಹಾಕಿದ ಕಟ್ಟು, ಪಕ್ಷಕ್ಕಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ, ನೋಂದಣಿ ಬಯಸುವ ಪಕ್ಷವು ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆ ಇರುತ್ತದೆಂದು ಬರೆದುಕೊಡಬೇಕು. ಟಿಕೆಟ್ ಹಂಚಿಕೆ ಬಗ್ಗೆ ಅಲ್ಲಿ ಏನೂ ಇಲ್ಲ. ಬರೆದುಕೊಟ್ಟದ್ದನ್ನು ಮುರಿದರೂ, ಅಷ್ಟರಿಂದಲೇ ನೋಂದಣಿ ರದ್ದು ಮಾಡುವ ಅಧಿಕಾರ ಚುನಾವಣಾ ಆಯೋಗಕ್ಕೆ ಸಾಮಾನ್ಯವಾಗಿ ಇಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವ್ಯಾಪಾರದಲ್ಲಿ ಇಂಥ ಕಾಗದ ನಂಬಿ ಯಾರೂ ಸಾಲ ಕೊಡುವುದಿಲ್ಲ.

ಮಹಿಳೆಯರ ವಿಷಯವನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಮೀಸಲಾತಿಯ ತಿದ್ದುಪಡಿಗೆ ಬಹುತೇಕ ಎಲ್ಲ ಪಕ್ಷಗಳೂ ಕೈ ಎತ್ತಿದವು. ಜಾರಿ ಮಾತ್ರ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ. ಅಲ್ಲಿಯವರೆಗೆ ತಾವಾಗಿಯೇ ಟಿಕೆಟ್ ಕೊಡಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ಎಂಟು ತಿಂಗಳ ನಂತರದ ಲೋಕಸಭೆಗೆ ಆರಿಸಿ ಬಂದ ಮಹಿಳೆಯರು 543ರಲ್ಲಿ 74. 2019ರಲ್ಲಿ 78 ಇತ್ತು. ನಮ್ಮ ರಾಜ್ಯದಲ್ಲಿ 2023ರ ವಿಧಾನಸಭೆಗೆ ಗೆದ್ದವರು 224ರಲ್ಲಿ 10. ಅದೇ ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು, ಅಲ್ಲಿ ಅಭ್ಯರ್ಥಿಗಳು ಸಿಗಲಿಲ್ಲ ಎಂಬ ಮಾತೇ ಇಲ್ಲ. (ಕೆಲವೆಡೆ ಸದಸ್ಯೆಯ ಬದಲು ಗಂಡನೇ ಮಾತಾಡುತ್ತಾನೆ, ಅದೂ ನಿಜ.)

ಕೇಳಿದರೆ ಪಕ್ಷದವರ ಉತ್ತರ ಸಿದ್ಧ: "ಗೆಲ್ಲುವವರಿಗೆ ಟಿಕೆಟ್." ಈ ಲೆಕ್ಕವನ್ನೂ ಹಾಕಿ ನೋಡೋಣ. 2019ರಲ್ಲಿ ಒಡಿಶಾದ ಬಿಜು ಜನತಾದಳ ಯಾವ ಕಾನೂನಿನ ಒತ್ತಾಯವೂ ಇಲ್ಲದೆ 21 ಲೋಕಸಭಾ ಕ್ಷೇತ್ರಗಳಲ್ಲಿ 7ನ್ನು ಮಹಿಳೆಯರಿಗೆ ಕೊಟ್ಟಿತು. ಅವರಲ್ಲಿ 5 ಮಂದಿ ಗೆದ್ದರು. ಉಳಿದ 14 ಪುರುಷರಲ್ಲಿ ಗೆದ್ದವರು 7. ನಷ್ಟ ಎಲ್ಲಿ ಆಯಿತು?

ಸಣ್ಣ ಸಮುದಾಯಗಳಿಗೂ ಇದೇ ಉತ್ತರ ಕೊಡುತ್ತಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಾನ್ಯತೆ ಕೊಟ್ಟಿತು. ಅದರಿಂದ ವಿದ್ಯಾರ್ಥಿವೇತನಕ್ಕೆ, ವಿದ್ಯಾಸಂಸ್ಥೆಗಳಿಗೆ ದಾರಿಯಾಯಿತು. ಶಾಸನಸಭೆಯಲ್ಲಿ ಸ್ಥಾನವೇನೂ ಬರಲಿಲ್ಲ, ಬರುವ ನಿಯಮವೂ ಇಲ್ಲ. ಅಲ್ಲಿಗೆ ಹೋಗಲು ಪಕ್ಷದ ಬಾಗಿಲು ಒಂದೇ. ಮೂಡುಬಿದಿರೆಯಲ್ಲಿ ಕಾಂಗ್ರೆಸ್ಸಿನ ಅಭಯಚಂದ್ರ ಜೈನ್ ಅವರು ಪದೇ ಪದೇ ಗೆದ್ದು ಸಚಿವರೂ ಆದರು. ಜೈನರ ಮತಗಳಿಂದಷ್ಟೇ ಆ ಕ್ಷೇತ್ರ ಗೆಲ್ಲಲು ಆಗದು. ಎಲ್ಲ ಸಮುದಾಯದವರೂ ಮತ ಹಾಕಿದರು. ಜನ ಒಪ್ಪುತ್ತಾರೆ, ಪಕ್ಷದ ಆಯ್ಕೆ ಸಮಿತಿಯೇ ಅಂಜುತ್ತದೆ ಎಂಬುದು ನನ್ನ ಅನಿಸಿಕೆ. ಇದು ಜೈನರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಡಿವಾಳರು, ಸವಿತಾ ಸಮಾಜ, ಕುಂಬಾರರ ಕತೆಯೂ ಇದೇ.

ಹಣದ ಬಾಗಿಲು ಇನ್ನೊಂದು. 2023ರ ಚುನಾವಣೆಗೆ ಮುಂಚೆ ರಾಜ್ಯ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಯ ಜೊತೆಗೆ 2 ಲಕ್ಷ ರೂಪಾಯಿ ಡಿಡಿ ಪಡೆಯಿತು, ಪರಿಶಿಷ್ಟರಿಗೆ 1 ಲಕ್ಷ. ರಿಯಾಯಿತಿ ಇತ್ತು, ಒಳ್ಳೆಯದೇ. ಆದರೆ 1 ಲಕ್ಷ ಹೊಂದಿಸಬಲ್ಲ ಕೂಲಿ ಕಾರ್ಮಿಕ ಎಲ್ಲಿದ್ದಾನೆ?

ಪಕ್ಷದ ಮುಖಂಡರು ಮತ ಕೇಳಲು ನಮ್ಮ ಬಸದಿಗೆ, ಸಂಘದ ಸಭೆಗೆ ಬರುತ್ತಾರೆ. ಸನ್ಮಾನ, ಶಾಲು, ಫೋಟೋ ಆದ ಮೇಲೆ ಹೊರಟುಬಿಡುತ್ತಾರೆ. ಮುಂದಿನ ಸಲ ಶಾಲು ಹೊದಿಸುವ ಮೊದಲೇ ಹಿರಿಯರೊಬ್ಬರು ಎದ್ದು ಕೇಳಲಿ: ಟಿಕೆಟ್ಟಿಗೆ ಒಟ್ಟು ಎಷ್ಟು ಅರ್ಜಿ ಬಂದವು, ಅದರಲ್ಲಿ ಮಹಿಳೆಯರದ್ದೆಷ್ಟು, ಸಣ್ಣ ಸಮುದಾಯಗಳದ್ದೆಷ್ಟು, ಕೈಬಿಟ್ಟದ್ದು ಯಾವ ಕಾರಣಕ್ಕೆ?