ರಟ್ಟೆ ಮುರಿದು ದುಡಿದವನ ರಟ್ಟೆಗೆ ಹೊಣೆ ಯಾರು?

ಧಣಿಗೆ ಗಿರಣಿ ಬಂಡವಾಳ, ವರ್ತಕನಿಗೆ ಸರಕು ಬಂಡವಾಳ. ಕೂಲಿಕಾರನಿಗೆ ಅವನ ಎರಡು ರಟ್ಟೆಗಳೇ ಬಂಡವಾಳ. ಯಂತ್ರದ ಗಾಲಿ ಕೆಟ್ಟರೆ ಅದೇ ದಿನ ಮೇಸ್ತ್ರಿ ಓಡಿಬರುತ್ತಾನೆ. ದುಡಿಯುವವನ ಹೆಗಲು ಕೆಟ್ಟರೆ, “ಎಣ್ಣೆ ತಿಕ್ಕಿಕೊಂಡು ನಾಳೆ ಹೊತ್ತಿಗೆ ಸರಿಯಾಗಿ ಬಾ” ಎಂಬ ಮಾತೇ ಮದ್ದು. ಈ ಮದ್ದಿನಿಂದ ಹಾಳಾಗುವ ಕೈಗಳ ಲೆಕ್ಕವನ್ನು ಯಾವ ಕಚೇರಿಯೂ ಇಡುವುದಿಲ್ಲ.

ಮೊದಲು ಚಿಕಿತ್ಸೆಯ ಮಾತು. ಬಿದ್ದು ಹೆಗಲ ಕೀಲು ತಪ್ಪಿದಾಗ ಜೊತೆಯವರು ಕೈ ಹಿಡಿದು ಎಳೆಯುವುದು ವಾಡಿಕೆ. ಹಾಗೆ ಎಳೆಯಕೂಡದು. ಕೀಲಿನ ಪಕ್ಕದಲ್ಲೇ ನರವೂ ರಕ್ತನಾಳವೂ ಇವೆ, ಎಲುಬೂ ಮುರಿದಿರಬಹುದು. ಪಂಚೆಯಿಂದ ಕೈಯನ್ನು ಕೊರಳಿಗೆ ತೂಗುಹಾಕಿ, ಎಕ್ಸ್‌ರೇ ತೆಗೆಯುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಪೆಟ್ಟಾದ ಮೊಣಕೈಯನ್ನು ಬಲವಾಗಿ ತಿಕ್ಕಿದರೆ ಒಳಗಿನ ಮಾಂಸದಲ್ಲೇ ಎಲುಬು ಬೆಳೆದು ಕೈ ಮಡಚದಂತಾಗುವುದುಂಟು. ಮಕ್ಕಳ ಮೊಣಕೈ ಮುರಿದಾಗ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ, ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ಬೆರಳುಗಳು ಕೊಕ್ಕೆಯಂತೆ ಮುದುಡಿ ನಿಲ್ಲುತ್ತವೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟನು. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ನೀಡಿದಾಗ ತಡೆಯಲಾರದ ನೋವಾದರೆ, ಕೂಡಲೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಬೇಕು.

ಪೆಟ್ಟಿಲ್ಲದೆ ಬರುವ ಬೇನೆಯೂ ಇದೆ. ಮೂಟೆ ಎತ್ತೆತ್ತಿ, ಅಂಗಡಿಯ ಷಟರು ಎಳೆದೆಳೆದು, ಸ್ನಾಯುವನ್ನು ಎಲುಬಿಗೆ ಬಿಗಿದಿರುವ ನಾರು ಸವೆಯುತ್ತದೆ. ಮೊಣಕೈಗೆ ಸ್ಟೀರಾಯ್ಡ್ ಸೂಜಿ ಚುಚ್ಚಿದರೆ ಕೆಲವು ವಾರ ಹಾಯೆನಿಸುತ್ತದೆ. ಆದರೆ ವರ್ಷದ ಕೊನೆಗೆ, ಚುಚ್ಚಿಸಿಕೊಳ್ಳದವರೇ ಹೆಚ್ಚು ಗುಣವಾಗಿದ್ದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಿಜವಾದ ಮದ್ದು ಎಂದರೆ ಹೊರೆ ತಗ್ಗಿಸುವುದು, ತಿಂಗಳುಗಟ್ಟಲೆ ಕ್ರಮವಾಗಿ ವ್ಯಾಯಾಮ ಮಾಡಿ ಕೈಗೆ ಬಲ ತಂದುಕೊಳ್ಳುವುದು.

ಇಲ್ಲಿಗೆ ವೈದ್ಯನ ಮಾತು ಮುಗಿದು ಕೂಲಿಯ ಮಾತು ಮೊದಲಾಗುತ್ತದೆ. ಹೊರೆ ತಗ್ಗಿಸು ಎಂದು ವೈದ್ಯ ಚೀಟಿಯಲ್ಲಿ ಬರೆಯಬಹುದು. ಒಲೆಗೆ ಏನು ಬರೆದುಕೊಡುತ್ತಾನೆ? ನಾಟಿ ವೈದ್ಯನ ಬಳಿ ಹೋಗುವವರನ್ನು ಮೂಢರೆಂದು ಹಳಿಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಅವನ ಬಾಗಿಲು ರಾತ್ರಿಯೂ ತೆರೆದಿರುತ್ತದೆ, ಅವನು ಕಾಗದ ಕೇಳುವುದಿಲ್ಲ. ಔಷಧಾಲಯವೋ, ಪಾಳಿ ನಡೆಯುವ ಹೊತ್ತಿಗೇ ತೆರೆದು, ಪಾಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತದೆ.

ಗಾಯಕ್ಕೆ ಪರಿಹಾರ ಧಣಿಯ ದಾನವಲ್ಲ. 1923ರ ಪರಿಹಾರ ಕಾಯಿದೆ, 1948ರ ಇ.ಎಸ್.ಐ. ಕಾಯಿದೆ ಇದನ್ನು ಹಕ್ಕೆಂದು ಒಪ್ಪಿದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಇ.ಎಸ್.ಐ. ವಿಮೆಯುಳ್ಳವನಿಗೆ ಕೆಲಸದಲ್ಲಿ ಗಾಯವಾದರೆ, ಅವನು ಸೇರಿದ ಮೊದಲ ದಿನವೇ ಆದರೂ, ಕೈಲಾಗದ ದಿನಗಳಿಗೆ ಕೂಲಿಯ ನೂರಕ್ಕೆ 90 ಪಾಲು ಸಲ್ಲುತ್ತದೆ. ಆದ್ದರಿಂದ ಗಾಯವನ್ನು ಬಚ್ಚಿಡಬೇಡಿ. ಅಂದೇ ಅಪಘಾತ ಪುಸ್ತಕದಲ್ಲಿ ಬರೆಯಿಸಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳಿನ ಹೊರೆಗೆ 55 ಕಿಲೋ ಮಿತಿಯನ್ನು ಸೂಚಿಸಿತು. ಬಿರುಸಿನ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಬರುವ ಮೊಣಕೈ ಬೇನೆಯನ್ನು 2010ರಲ್ಲಿ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿತು.

ಸಣ್ಣ ಅಂಗಡಿಯವನ ಪಾಡು ಇನ್ನೂ ಕಷ್ಟ. ಅವನಿಗೆ ಅವನೇ ಧಣಿ, ಅವನೇ ಹಮಾಲ. ಕೈ ಸೋತ ದಿನ ಕೂಲಿ ಕೊಡುವವರಿಲ್ಲ, ಬಾಡಿಗೆ ಬಿಡುವವರೂ ಇಲ್ಲ. ಗಿರಣಿಯವನ ಹೋರಾಟ ತನ್ನದಲ್ಲವೆಂದು ಅವನು ತಿಳಿಯಬಾರದು.

ನಮ್ಮ ಬೇಡಿಕೆಗಳು ನಾಲ್ಕು: ಸಂಜೆಯೂ ತೆರೆದಿರುವ ಔಷಧಾಲಯ, ಅಲ್ಲಿ ವ್ಯಾಯಾಮ ಕಲಿಸುವ ಫಿಜಿಯೋಥೆರಪಿಸ್ಟ್, ಕೈ ಗುಣವಾಗುವವರೆಗೆ ಕೂಲಿ ಕಡಿತವಿಲ್ಲದ ಹಗುರ ಕೆಲಸ, ಸಣ್ಣ ವರ್ತಕನಿಗೂ ಗಾಯದ ವಿಮೆ. ಕೆಟ್ಟ ಯಂತ್ರಕ್ಕೆ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದೆ. ಕೆಟ್ಟ ಕೈಗೆ ಸಿಗುವುದಿಲ್ಲ. ಇದನ್ನು ಸಂಘದ ಮುಂದಿನ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಹೇಳಬೇಕು. ಕೈಯೆತ್ತಲಾರದವರ ಪರವಾಗಿಯೂ ಹೇಳಬೇಕು.