ಆಪರೇಷನ್ ಬಿಲ್ಲಿಗಷ್ಟೇ ಅಲ್ಲ, ಆಮೇಲಿನ 12 ವಾರಗಳಿಗೂ ನೆರವು ಬೇಕು

ಮನುಷ್ಯನ ಒಂದೊಂದು ಪಾದದಲ್ಲೂ 26 ಮೂಳೆಗಳು, 33 ಕೀಲುಗಳಿವೆ. ನಿಂತಾಗ ಮೈಭಾರ ಹೊರುವುದು, ನಡೆಯುವಾಗ ಅದಕ್ಕಿಂತಲೂ ಹೆಚ್ಚಿನ ಒತ್ತಡ ತಾಳುವುದು ಇವೇ. ಇಲ್ಲಿನ ನೋವು ಮೂರು ತಿಂಗಳು ದಾಟಿದರೂ ಬಿಡದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಕುಳಿತು ಕೆಲಸ ಮಾಡುವವರು ಅದನ್ನು ಹೇಗೋ ಸಹಿಸಿಕೊಂಡಾರು. ಮನೆಗೆಲಸದವರು, ಹೋಟೆಲ್ ಅಡುಗೆಯವರು, ತಳ್ಳುಗಾಡಿ ವ್ಯಾಪಾರಿಗಳು, ಗಾರೆ ಕೆಲಸದವರು ಮುಂತಾದ ನಿಂತೇ ದುಡಿಯುವ ಮಂದಿಗೆ ಅದು ಕೂಲಿಗೇ ಕುತ್ತು ತರುತ್ತದೆ.

ಪಾದನೋವೆಲ್ಲಕ್ಕೂ ಆಪರೇಷನ್ ಬೇಕಿಲ್ಲ ಎಂಬುದನ್ನು ಇಂಥವರಿಗಾಗಿ ದೇಣಿಗೆ ಎತ್ತುವ ಮೊದಲೇ ತಿಳಿದಿರಬೇಕು. ಬೆಳಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುವ ನೋವು ಹೆಚ್ಚಾಗಿ ಅಂಗಾಲಿನ ಗಟ್ಟಿ ನಾರುಪಟ್ಟಿಯದು. ಮೀನಖಂಡ ಮತ್ತು ಅಂಗಾಲನ್ನು ಎಳೆದು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಚಪ್ಪಲಿ, ಸ್ವಲ್ಪ ತೂಕ ಇಳಿಕೆ ಇಷ್ಟರಿಂದಲೇ ಹತ್ತರಲ್ಲಿ ಎಂಟು ಮಂದಿಗೆ ವರ್ಷದೊಳಗೆ ಗುಣವಾಗುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ ಬೆಳೆದಂತೆ ಕಂಡರೆ ಗಾಬರಿಯಾಗಬೇಕಿಲ್ಲ. ನೋವೇ ಇಲ್ಲದವರಲ್ಲೂ ಅದು ಕಾಣಸಿಗುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲು ಉರಿಯೂ ಸಾಮಾನ್ಯವಾಗಿ ನರಗಳಿಗೆ ಸಂಬಂಧಿಸಿದ್ದು, ಅದಕ್ಕೆ ಸಕ್ಕರೆಯ ಹತೋಟಿ ಮತ್ತು ಔಷಧಿಯೇ ಮುಖ್ಯ.

ಆಪರೇಷನ್ ನಿಜಕ್ಕೂ ಬೇಕಾಗುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಹರಡಿನ ಕೀಲಿನ ಸವೆತ. ಮೊಣಕಾಲು ಹೆಚ್ಚಾಗಿ ವಯಸ್ಸಿನಿಂದ ಸವೆದರೆ, ಪಾದದ ಹರಡು ಹೆಚ್ಚಾಗಿ ಸವೆಯುವುದು ಹಳೆಯ ಪೆಟ್ಟಿನಿಂದ. ಬೈಕಿನಿಂದ ಬಿದ್ದೋ, ಸಾರವೆಯಿಂದ ಜಾರಿಯೋ ಮುರಿದ ಮೂಳೆ ಓರೆಯಾಗಿ ಕೂಡಿಕೊಂಡರೆ, ಮೂಳೆಗಳ ತುದಿಯ ನುಣುಪಾದ ಮೃದ್ವಸ್ಥಿ ಒಂದೇ ಕಡೆ ಉಜ್ಜಿ ತೆಳುವಾಗುತ್ತ ಹೋಗುತ್ತದೆ. ಎಕ್ಸ್‌ರೇ ತೆಗೆಸದೆ ನಾಟಿ ಕಟ್ಟು ಹಾಕಿಸಿಕೊಂಡು ಬೇಗ ಕೆಲಸಕ್ಕೆ ಮರಳಿದವರಲ್ಲಿ ಈ ಅಪಾಯ ಹೆಚ್ಚು. ಪೆಟ್ಟು ಮರೆತುಹೋದ ಎಷ್ಟೋ ವರ್ಷಗಳ ಮೇಲೆ ನೋವು ಶುರುವಾಗುತ್ತದೆ. ಇಂಥವರು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು, ಒಂದೊಂದು ಮೆಟ್ಟಿಲ ಮೇಲೂ ಎರಡು ಪಾದಗಳನ್ನು ಕೂಡಿಸಿ ನಿಂತು, ಆಮೇಲೆ ಮುಂದಿನದಕ್ಕೆ ಇಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹರಡು ಊದಿ ಚಪ್ಪಲಿಯ ಪಟ್ಟಿ ಬಿಗಿಯುತ್ತದೆ. ಮೆಡಿಕಲ್ ಸ್ಟೋರಿನಿಂದ ತಂದ ನೋವಿನ ಮಾತ್ರೆಯಲ್ಲಿ ದಿನ ದೂಡುತ್ತಾರೆ. ವರ್ಷಗಟ್ಟಲೆ ನುಂಗಿದ ಆ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಕೇಡು.

ಮಾತ್ರೆ, ಹರಡಿಗೆ ಆಧಾರಪಟ್ಟಿ, ಇಂಜೆಕ್ಷನ್ ಯಾವುದಕ್ಕೂ ಬಗ್ಗದ ಸವೆತಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಪರಿಹಾರ ಕೀಲಿನ ಬೆಸುಗೆ. ಅಳಿದುಳಿದ ಮೃದ್ವಸ್ಥಿಯನ್ನು ತೆಗೆದು, ಮೊಣಕಾಲ ಕೆಳಗಿನ ದಪ್ಪ ಮೂಳೆಯನ್ನು ಪಾದದ ಮೂಳೆಗೆ ಸ್ಕ್ರೂ ಅಥವಾ ಪ್ಲೇಟು ಹಾಕಿ ಬಿಗಿಯುತ್ತಾರೆ. ಎರಡೂ ಒಂದೇ ಮೂಳೆಯಾಗಿ ಕೂಡಿದ ಮೇಲೆ ಅಲ್ಲಿ ಉಜ್ಜಾಟವಿಲ್ಲ, ಆ ನೋವೂ ಇಲ್ಲ. ಆ ಕೀಲಿನ ಚಲನೆಯೂ ಅಲ್ಲಿಗೆ ಮುಗಿಯಿತು. ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾಗುತ್ತದೆ, ಸಮತಟ್ಟು ನೆಲದಲ್ಲಿ ನಡೆಯಲು ಮಾತ್ರ ಹೆಚ್ಚು ತೊಡಕಿಲ್ಲ. ಕೃತಕ ಕೀಲು ಜೋಡಣೆಯೂ ಇದೆಯಾದರೂ, ಭಾರದ ಕೆಲಸ ಮಾಡುವ ಕಿರಿಯ ವಯಸ್ಸಿನವರಿಗೆ ವೈದ್ಯರು ಸಾಮಾನ್ಯವಾಗಿ ಬೆಸುಗೆಯನ್ನೇ ಸೂಚಿಸುತ್ತಾರೆ.

ಈ ಚಿಕಿತ್ಸೆಯ ನಿಜವಾದ ಕಷ್ಟ ಆಪರೇಷನ್ ಥಿಯೇಟರಿನ ಹೊರಗಿದೆ. ಮೊದಲ ಆರು ವಾರದಷ್ಟು ಕಾಲ ಆ ಪಾದವನ್ನು ನೆಲಕ್ಕೆ ಊರುವಂತಿಲ್ಲ. ಆಮೇಲಿನ ಆರು ವಾರ ಪ್ಲಾಸ್ಟರ್ ಅಥವಾ ಬೂಟಿನೊಳಗೆ ಸ್ವಲ್ಪಸ್ವಲ್ಪವಾಗಿ ಭಾರ ಹಾಕಬೇಕು. ಮೂಳೆ ಗಟ್ಟಿಯಾಗಿ ಕೂಡಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯುತ್ತದೆ. ಮನೆ ಸಾಗುವುದಿಲ್ಲವೆಂದು ಮೂರನೆಯ ವಾರಕ್ಕೇ ಕಸಬರಿಗೆ ಹಿಡಿದರೆ ಸ್ಕ್ರೂ ಸಡಿಲವಾಗಿ, ಮೂಳೆ ಕೂಡದೆ, ಆಪರೇಷನ್ ಮತ್ತೆ ಮಾಡಿಸಬೇಕಾಗಬಹುದು. ಬೀಡಿ, ಸಿಗರೇಟು ಸೇದುವವರಲ್ಲೂ ಮೂಳೆ ಕೂಡದಿರುವ ಸಂಭವ ಹೆಚ್ಚು.

ಆಪರೇಷನ್ನಿನ ಬಿಲ್ಲಿಗೆ ಒಂದಿಷ್ಟು ದಾರಿಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ಯಾವ ಆಪರೇಷನ್ ಯಾವ ಪ್ಯಾಕೇಜಿನಲ್ಲಿದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ವಿಚಾರಿಸಬೇಕು. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸಂಜಯ ಗಾಂಧಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮುಂತಾದ ಸರ್ಕಾರಿ ಸಂಸ್ಥೆಗಳಲ್ಲಿ ಮೊದಲು ತೋರಿಸುವುದು ಒಳ್ಳೆಯದು. ಇಷ್ಟೆಲ್ಲ ಆದ ಮೇಲೂ ಕಡಿಮೆ ಬೀಳುವ ಹಣಕ್ಕೆ ಮಾತ್ರ ಜನರ ಮುಂದೆ ಹೋಗಬೇಕು.

ಆ 12 ವಾರಗಳ ಕೂಲಿಯನ್ನು ಕಟ್ಟಿಕೊಡುವವರು ಯಾರು ಎಂಬಲ್ಲಿ ದಾರಿ ಕಟ್ಟಾಗುತ್ತದೆ. ಗಾರ್ಮೆಂಟ್ಸ್‌ನಂಥ ಕಾರ್ಖಾನೆಯಲ್ಲಿ ಇಎಸ್‌ಐ ವಿಮೆ ಇರುವವರಿಗೆ ಅರ್ಹತೆಯಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕೈಸೇರುತ್ತದೆ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಅಂಥ ಆಸರೆಯಿಲ್ಲ. ಬಾಡಿಗೆ, ಸಂಘದ ವಾರದ ಕಂತು, ಮಕ್ಕಳ ಫೀಸು ಯಾವುದೂ ಪ್ಲಾಸ್ಟರ್ ಬಿಚ್ಚುವತನಕ ಕಾಯುವುದಿಲ್ಲ. ಜೊತೆಗೆ ವಾಕರ್, ಕಮೋಡ್ ಕುರ್ಚಿ, ತಪಾಸಣೆಗೆ ಹೋಗಿಬರುವ ಆಟೋ ಖರ್ಚು. ಪುಕ್ಕಟೆ ಆಪರೇಷನ್ ಸಿಗುವಾಗಲೂ ಅನೇಕರು ಮುಂದೂಡುತ್ತ ಹೋಗುವುದು ಈ ಲೆಕ್ಕ ಹಾಕಿಯೇ.

ಹೃದಯ, ಕ್ಯಾನ್ಸರ್ ಎಂದರೆ ಜನರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕಾಲುನೋವಿನಿಂದ ಪ್ರಾಣ ಹೋಗುವುದಿಲ್ಲವಾದ್ದರಿಂದ ಅದಕ್ಕೆ ದೇಣಿಗೆ ಹುಟ್ಟುವುದು ಕಷ್ಟ. ಆದರೆ ಬೇಕಾದ ಮೊತ್ತ ದೊಡ್ಡದಲ್ಲ. ವಾರಕ್ಕೆ 3,000 ರೂಪಾಯಿ ದುಡಿಯುವವರಿಗೆ 12 ವಾರಕ್ಕೆ ಬೇಕಾದದ್ದು 36,000 ರೂಪಾಯಿ. 30 ಮನೆಗಳು ವಾರಕ್ಕೆ ನೂರರಂತೆ ಕೊಟ್ಟರೆ ಅಷ್ಟಾಯಿತು. ಮದುವೆ ಮನೆಯಲ್ಲಿ ಹೆಸರು ಬರೆಸಿ ಮುಯ್ಯಿ ಮಾಡುವ ಪದ್ಧತಿ ಇರುವ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ.

ಹಣ ಎತ್ತುವುದಕ್ಕೂ ಕ್ರಮವಿದೆ. ಆಪರೇಷನ್ ಅಗತ್ಯವೆಂಬ ವೈದ್ಯರ ಪತ್ರ, ಆಸ್ಪತ್ರೆಯ ಅಂದಾಜು ಪಟ್ಟಿ, ಯೋಜನೆಯಿಂದ ಸಿಗುವ ಮೊತ್ತ ಇವು ಕೇಳಿದವರ ಕಣ್ಣಿಗೆ ಬೀಳುವಂತಿರಬೇಕು. ಚಿಕಿತ್ಸೆಯ ಹಣ ನೇರ ಆಸ್ಪತ್ರೆಗೆ ಸಲ್ಲಬೇಕು. ಮನೆಖರ್ಚಿನದು ವಾರವಾರ ರೋಗಿಯ ಖಾತೆಗೆ ಹೋಗಬೇಕು. ರೋಗಿಯ ಒಪ್ಪಿಗೆಯಿಲ್ಲದೆ ಫೋಟೊ, ವರದಿ ಹಂಚಕೂಡದು. ವ್ಯಕ್ತಿಗೆ ನೇರವಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲವೆಂಬುದನ್ನು ಮೊದಲೇ ಹೇಳಬೇಕು. ಮಿಕ್ಕ ಹಣ ಯಾರಿಗೆಂದೂ ಆಗಲೇ ತೀರ್ಮಾನವಾಗಿರಬೇಕು.

ಬೀದಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಕಚೇರಿಯಲ್ಲಿ ಕುಂಟುತ್ತ ಕೆಲಸಕ್ಕೆ ಬರುವವರಿದ್ದರೆ, ಅಲ್ಲಿನವರು ಮೊದಲು ಅವರನ್ನು ಮೂಳೆ ತಜ್ಞರಿಗೆ ತೋರಿಸಲಿ. ಆಪರೇಷನ್ ಬೇಕೆಂದಾದರೆ ಬಿಲ್ಲಿನ ಜೊತೆಗೆ 12 ವಾರಗಳ ಅನ್ನಕ್ಕೂ ಸೇರಿಸಿಯೇ ದೇಣಿಗೆ ಎತ್ತಲಿ. ಕೆಲಸ ಕೊಟ್ಟವರು ಆ ಮೂರು ತಿಂಗಳು ಅವರ ಜಾಗವನ್ನು ಅವರಿಗಾಗಿಯೇ ಉಳಿಸಿಡಲಿ ಎಂಬುದು ನಾಗರಿಕರಲ್ಲಿ ಕಳಕಳಿಯ ಮನವಿ.